ಹುಂಜಪ್ಪನ ವಿಮಾನ ತಪಾಸಣೆ

ಹುಂಜಪ್ಪ ತಾನೇ ಕಟ್ಟಿದ ವಿಮಾನದ ರೆಕ್ಕೆ, ಬಾಲವನ್ನೆಲ್ಲ ಮುಖ ಕಾಣುವಷ್ಟು ಉಜ್ಜಿಟ್ಟಿದ್ದ. ಹಾರಲು ಯೋಗ್ಯವೆಂದು ಹದ್ದು ಸಾಹೇಬರು ಇವತ್ತು ಮೊಹರು ಒತ್ತದಿದ್ದರೆ, ಅದರಲ್ಲಿ ತಾನು ಕಾವಿಗೆ ಕೂರುತ್ತೇನೆಂದು ಹೆಂಡತಿ ಹೇಂಟೆ ಹೇಳಿಬಿಟ್ಟಿದ್ದಳು.

ಸಾಹೇಬರು ಬಂದವರೇ, “ಒಂದು ಸಲವಾದರೂ ಹಾರಿಸಿ ನೋಡಿದ್ದೀಯೇನಯ್ಯಾ?” ಎಂದರು.

“ಒಂದೇ ಸಲವೇ ಸ್ವಾಮಿ? ನಿನ್ನೆ ತಾನೇ ಚಂದ್ರನನ್ನು ಸುತ್ತಿ ಬಂದೆ! ವಿಮಾನದ ಮೈ ಇನ್ನೂ ಸುಡುತ್ತಿದೆ, ಮುಟ್ಟಬೇಡಿ!” ಎಂದು ಹುಂಜಪ್ಪ ಎದೆಯುಬ್ಬಿಸಿದ.

ಅಷ್ಟರಲ್ಲಿ ವಿಮಾನದ ಮೂತಿಯ ಫ್ಯಾನಿನಿಂದ ಜೇಡವೊಂದು ಇಣುಕಿತು. “ಸಾಹೇಬರೇ, ದಯವಿಟ್ಟು ಇದನ್ನು ತಿರುಗಿಸಬೇಡಿ. ನಮ್ಮಜ್ಜಿ ಬಲೆ ಕಟ್ಟಿದ್ದೂ ಇದರಲ್ಲೇ, ಈಗ ನನ್ನ ಬಾಣಂತನವೂ ಇದರಲ್ಲೇ.”

ಸಾಹೇಬರು ಮೊಹರನ್ನು ಚೀಲಕ್ಕೆ ಹಾಕಿಕೊಂಡರು. “ಹುಂಜಪ್ಪ, ನೀನು ಬಿಟ್ಟದ್ದು ವಿಮಾನವಲ್ಲ ಕಣಯ್ಯ, ರೈಲು!”