ಸೆಂಟ್ರಿಂಗ್ ತೆಗೆಯುವ ದಿನ

ಓಬಳೇಶಪ್ಪ ಸೆಂಟ್ರಿಂಗ್ ಮೇಸ್ತ್ರಿ. ಹಿರಿಯೂರಿನ ಸುತ್ತಮುತ್ತ ಯಾರೇ ಮನೆಗೆ ತಾರಸಿ ಹಾಕಿಸಲಿ, ಮೊದಲು ನೆನಪಾಗುತ್ತಿದ್ದದ್ದು ಅವನೇ. ಸೆಂಟ್ರಿಂಗ್ ಅಂದರೆ ಗೊತ್ತಲ್ಲ ಮಕ್ಕಳೇ? ಕಟ್ಟುತ್ತಿರುವ ಮನೆಯೊಳಗೆ ಇಣುಕಿದರೆ ಕಾಲಿಡಲು ಜಾಗವಿಲ್ಲದ ಹಾಗೆ ಕಂಬಗಳು ನಿಂತಿರುತ್ತವೆ. ಅವುಗಳ ಮೇಲೆ ತಗಡಿನ ಹಾಸು. ಆ ಹಾಸಿನ ಮೇಲೆ ಕಬ್ಬಿಣ ಕಟ್ಟಿ ಕಾಂಕ್ರೀಟು ಸುರಿಯುತ್ತಾರೆ. ಅದು ಗಟ್ಟಿಯಾಗುವ ತನಕ ಹೊತ್ತು ನಿಲ್ಲುವ ಏರ್ಪಾಟೇ ಸೆಂಟ್ರಿಂಗು. ಗಟ್ಟಿಯಾದ ಮೇಲೆ ಎಲ್ಲವನ್ನೂ ಬಿಚ್ಚಿ ಇನ್ನೊಂದು ಮನೆಗೆ ಸಾಗಿಸುತ್ತಾರೆ.

ಮೇಸ್ತ್ರಿಯ ಮಗ ಪಾಲಾಕ್ಷ, ಇಬ್ಬರು ಮಕ್ಕಳ ತಂದೆ. ಮೀಸೆ ಮೂಡುವ ಮೊದಲೇ ಅಪ್ಪನ ಕೈಕೆಳಗೆ ಕೆಲಸ ಕಲಿತವನು. ಏನು ಬಂತು? ಅವನು ಒಂದು ಕಂಬ ನಿಲ್ಲಿಸಿ ಅಂದರೆ ಆಳುಗಳು ಮೊದಲು ಮೇಸ್ತ್ರಿಯ ಮುಖ ನೋಡುತ್ತಿದ್ದರು. ಮೇಸ್ತ್ರಿ ತಲೆಯಾಡಿಸಿದ ಮೇಲೆಯೇ ಸುತ್ತಿಗೆ ಏಳುತ್ತಿತ್ತು.

ಈಗ ಪಕ್ಕದ ಊರಿನವರು ತಮ್ಮ ಸಮುದಾಯ ಭವನದ ಕೆಲಸವನ್ನು ಪಾಲಾಕ್ಷನೇ ವಹಿಸಿಕೊಳ್ಳಲಿ ಎಂದು ಕೇಳಿದ್ದರು. ಸಂಜೆಯೊಳಗೆ ಉತ್ತರ ಹೇಳಬೇಕು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಪಾಲಾಕ್ಷನಿಗೆ ಆಸೆಯೋ ಆಸೆ. ಅಪ್ಪನನ್ನು ಕೇಳಿದರೆ, ನೀನಿನ್ನೂ ಹಸಿ ಕಣೋ, ಮುಂದೆ ನೋಡೋಣ ಅಂದುಬಿಟ್ಟ. ವರ್ಷಗಳಿಂದ ಅದೇ ರಾಗ. ಮಗನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಪ್ರೀತಿ ಬೇಕಾದಷ್ಟಿತ್ತು, ಎಲ್ಲಿ ಎಡವಿಬಿಡುತ್ತಾನೋ ಎಂಬ ಭಯ ಅದಕ್ಕಿಂತ ಹೆಚ್ಚಿತ್ತು.

ಅವತ್ತೇ ಹಿಟ್ಟಿನ ಗಿರಣಿಯ ಸರ್ವಮಂಗಳಮ್ಮನ ಹೊಸ ಮನೆಯಲ್ಲಿ ಸೆಂಟ್ರಿಂಗ್ ತೆಗೆಯುವ ದಿನ. ಅಪ್ಪ ಮಗ ಆಳುಗಳೊಡನೆ ಹೋದರೆ ಆಯಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಾರೆ! ಕಂಬ ತೆಗೆಯುವುದೇ ಬೇಡವಂತೆ. ಗೃಹಪ್ರವೇಶಕ್ಕೆ ಬಂದವರು ಕಂಬಗಳ ಸಂದಿಯಲ್ಲೇ ಓಡಾಡಿಕೊಳ್ಳಲಿ, ಬೇಕಾದರೆ ಒಂದೊಂದಕ್ಕೂ ಮಾವಿನ ತೋರಣ ಕಟ್ಟಿಸುತ್ತೇನೆ ಅಂದರು. ಪಾಪ, ಜೀವಮಾನವೆಲ್ಲ ಬಾಡಿಗೆ ಮನೆಯಲ್ಲಿದ್ದು ಈಗ ಕಟ್ಟಿಸಿದ ಸೂರು. ತಲೆ ಮೇಲೆ ಬಿದ್ದರೆ ಎಂಬ ದಿಗಿಲು.

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಸಮಾಧಾನವಾಗಿ ಹೇಳಿದ, "ಅಮ್ಮಾ, ಹಸಿ ಇದ್ದಾಗ ಕಂಬ ತೆಗೆದ್ರೆ ಅದು ನನ್ನ ತಪ್ಪು. ಗಟ್ಟಿಯಾದ ಮೇಲೂ ತೆಗೀದಿದ್ರೆ ಅದೂ ನನ್ನ ತಪ್ಪೇ. ಭಾರ ಹೊರೋದು ಸೂರಿನ ಕೆಲಸ, ಕಂಬದ್ದಲ್ಲ. ಕಬ್ಬಿಣ ಕಟ್ಟಿದ್ದು ನಾವು, ನೀರು ಹಾಯ್ಸಿದ್ದು ನೀವು. ನಾವೇ ಮಾಡಿದ್ದನ್ನ ನಾವೇ ನಂಬದಿದ್ರೆ ಹೆಂಗೆ?"

ಸರ್ವಮಂಗಳಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಪಾಲಾಕ್ಷ ಒಳಗೆ ಹೋಗಿ ನಡುವಿನ ಕಂಬದಿಂದ ಶುರು ಮಾಡಿ ಅಂದ. ಆಳುಗಳು ಎಂದಿನಂತೆ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ತಡಿ ತಡಿ ಎಂದು ಮುಂದೆ ಬಂದು, ಮೇಲೆ ಕೆಳಗೆ ನೋಡಿ, ಕೊನೆಗೆ ಅದೇ ನಡುವಿನ ಕಂಬವನ್ನು ತೋರಿಸಿದ. ಪಾಲಾಕ್ಷ ತಲೆ ತಗ್ಗಿಸಿದ.

ಇದನ್ನೆಲ್ಲ ಸರ್ವಮಂಗಳಮ್ಮ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಮೆಲ್ಲಗೆ ಕೇಳಿದರು, "ಮೇಸ್ತ್ರಿ, ಈಗ ಹೇಳಿದ್ರಲ್ಲ, ಅದು ನನ್ನ ಸೂರಿಗೆ ಮಾತ್ರಾನಾ?"

ಮೇಸ್ತ್ರಿ ಮಗನ ಕಡೆ ತಿರುಗಿದ. ತಗ್ಗಿದ ಮಗನ ತಲೆಯನ್ನು ನೋಡಿದ. ಅಲ್ಲೊಂದು ಇಲ್ಲೊಂದು ಬಿಳಿ ಕೂದಲು. ಇವನು ಯಾವಾಗ ಇಷ್ಟು ದೊಡ್ಡವನಾದ ಅನ್ನಿಸಿತು. ಹೊರಗೆ ಹೋಗಿ, ಮರಳಿನ ಗುಡ್ಡೆಯ ಮೇಲೆ ಮನೆಗೆ ಬೆನ್ನು ಮಾಡಿ ಕೂತ.

ಒಳಗೆ ಸುತ್ತಿಗೆಯ ಸದ್ದು. ಒಬ್ಬ ಆಳು ಹೊರಗೆ ಬಂದು ಇವನ ಮುಖಕ್ಕಾಗಿ ಕಾದ. ಮೇಸ್ತ್ರಿ ತಿರುಗಲಿಲ್ಲ, ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದ. ಆಳು ಒಳಗೆ ಹೋದ. ಮತ್ತೆ ಯಾರೂ ಬರಲಿಲ್ಲ. ಒಂದೊಂದು ತಗಡು ಬಿದ್ದಾಗಲೂ ಮೇಸ್ತ್ರಿಗೆ ಎದ್ದು ಹೋಗಿ ನೋಡಬೇಕೆನ್ನಿಸುತ್ತಿತ್ತು. ಆದರೂ ಏಳಲಿಲ್ಲ. ಅವತ್ತು ಅವನು ಮಾಡಿದ ಕಷ್ಟದ ಕೆಲಸ ಅದೊಂದೇ.

ಕೊನೆಗೆ ಪಾಲಾಕ್ಷ ಬಂದು ಕರೆದ. ಒಳಗೆ ಹೋದರೆ ಹಜಾರ ಬಯಲಾಗಿತ್ತು. ಸರ್ವಮಂಗಳಮ್ಮ ನಟ್ಟನಡುವೆ ನಿಂತು ಮೇಲೆ ನೋಡಿ ಹಿಗ್ಗುತ್ತಿದ್ದರು. ಮೇಸ್ತ್ರಿ ಸೂರಿನ ಕಡೆ ನೋಡಲೇ ಇಲ್ಲ. ಮಗನ ಹೆಗಲ ಮೇಲೆ ಕೈಯಿಟ್ಟು, "ಭವನದವರಿಗೆ ಒಪ್ಪಿಕೊಂಡೆ ಅಂತ ಹೇಳು. ನಾನು ದಿನಾ ಮಧ್ಯಾಹ್ನ ಬಂದು ಒಂದು ಕಣ್ಣು…" ಎಂದವನು ಅಲ್ಲೇ ತಡೆದು ನಕ್ಕುಬಿಟ್ಟ. "ಬೇಡ ಬಿಡು. ನೀನು ಕರೆದ್ರೆ ಬರ್ತೀನಿ."

ಅಷ್ಟು ಹೇಳಿ ಹೆಗಲ ಮೇಲಿನ ಕೈ ತೆಗೆದ.

ನೀತಿ: ಎಳೆಯದಕ್ಕೆ ಆಸರೆ ಕೊಡುವುದು ಪ್ರೀತಿ. ಬಲಿತ ಮೇಲೆ ನಂಬಿ ಆ ಆಸರೆಯನ್ನು ತೆಗೆಯುವುದೂ ಪ್ರೀತಿಯೇ. ಬೆಳೆಸಿದವರು ಕೈ ಬಿಟ್ಟಾಗಲೇ ಬೆಳೆದವರ ಬಲ ಗೊತ್ತಾಗುವುದು.