ಟಿಟ್ಟಿಭದ ಮೊಟ್ಟೆಗೆ ಎಮ್ಮೆಯ ಮರೆ

ಚಳಿ ಹಿಂದೆ ಸರಿದು ಬಿಸಿಲು ಚುರುಗುಟ್ಟತೊಡಗಿದ ದಿನಗಳಲ್ಲಿ, ಪಕ್ಷಿಧಾಮದ ಕೆರೆಯಂಗಳದ ಬಟ್ಟಬಯಲಿನಲ್ಲಿ ಟಿಟ್ಟಿಭವೊಂದು ಕಲ್ಲುಗಳ ನಡುವೆ ಮೊಟ್ಟೆಯಿಟ್ಟು ಕಾವಿಗೆ ಕೂತಿತ್ತು. ಹಕ್ಕಿ ನೋಡಲು ಬಂದವರು ಅದನ್ನು ಕಂಡು, "ಅಯ್ಯೋ, ಎಷ್ಟು ಮುದ್ದಾಗಿದೆ!" ಎನ್ನುತ್ತ ಕ್ಯಾಮೆರಾ ಹಿಡಿದು ಹತ್ತಿರ ಹತ್ತಿರ ಬಂದರು. ಅವರು ಬಂದಾಗಲೆಲ್ಲ ತಾಯಿ ಬೆದರಿ ಏಳಬೇಕು. ಎದ್ದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಮುದ್ದು ಮಾಡಿಯೇ ಕೊಲ್ಲುವವರಿಗೆ ಬುದ್ಧಿ ಹೇಳುವವರು ಯಾರು?

ಅಷ್ಟರಲ್ಲಿ ಎಮ್ಮೆಯೊಂದು ಮೇಯುತ್ತ ಅತ್ತ ಬಂತು. ಟಿಟ್ಟಿಭ ರೆಕ್ಕೆ ಹರಡಿ ಅಡ್ಡ ನಿಂತಿತು.

"ಎಮ್ಮಕ್ಕ, ತುಳಿದೀಯೆ ಜೋಕೆ! ಕಣ್ಣು ಕುಕ್ಕಿಬಿಡುತ್ತೇನೆ!"

"ಆಮೇಲೆ ಕುಕ್ಕುವೆಯಂತೆ, ಮೊದಲು ಕೂತುಕೊಳ್ಳೇ ತಂಗಿ. ಬಾಣಂತಿ ಕೋಣೆಗೆ ಯಾರಾದರೂ ಹೀಗೆ ನುಗ್ಗುತ್ತಾರೆಯೇ?" ಎನ್ನುತ್ತ ಎಮ್ಮೆ, ಹಕ್ಕಿಗೂ ಜನಕ್ಕೂ ನಡುವೆ ಅಡ್ಡಲಾಗಿ ಮಲಗಿಬಿಟ್ಟಿತು.

"ಏಳೇ, ದರಿದ್ರದ್ದೇ! ಒಳ್ಳೇ ಫೋಟೊ ಹಾಳುಮಾಡಿದೆ!" ಎಂದು ಜನ ಕೂಗಿದರು, ಬೈದರು, ಮಣ್ಣುಹೆಂಟೆ ಎಸೆದರು. ಎಲ್ಲವೂ ಎಮ್ಮೆಯ ಮೇಲೆ ಮಳೆ ಸುರಿದಂತಾಯಿತು. ಅದು ಮೆಲುಕು ಹಾಕುತ್ತಲೇ ಇತ್ತು. ಕೊನೆಗೆ ಅವರು ಬೇಸತ್ತು ನವಿಲು ಹುಡುಕಿಕೊಂಡು ಹೊರಟುಹೋದರು.

ಟಿಟ್ಟಿಭ ಮೊಟ್ಟೆಗಳನ್ನು ಎದೆಯಡಿಗೆ ಎಳೆದುಕೊಂಡು ಕೂತಿತು. ಇನ್ನೂ ಬೆಚ್ಚಗಿದ್ದವು, ಬೆಂದಿರಲಿಲ್ಲ.

"ಅಕ್ಕ, ನೀನಾದರೂ ಒಮ್ಮೆ ತಿರುಗಿ ನೋಡು. ಎಷ್ಟು ಚೆಂದ ಇವೆ!"

"ಒಡೆದು ಮರಿಯಾಗಲಿ ಬಿಡು. ಅವೇ ಓಡಿಕೊಂಡು ನನ್ನ ಮೂಗಿನ ಮುಂದೆ ಬಂದಾಗ ನೋಡುತ್ತೇನೆ," ಎಂದಿತು ಎಮ್ಮೆ, ತಲೆ ತಿರುಗಿಸದೆ.