ಗಳಿಗೆ ಬಟ್ಟಲ ಚೌಡಿ

ಕಂಬಳಿ ಎಳ್ಕೋ ಮಗಾ, ಕಾಲು ಆಡಿಸ್ಬೇಡ, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ಗಡಿಯಾರ ಅನ್ನೋದು ಇನ್ನೂ ಯಾರ ಮನೆ ಗೋಡೇನೂ ಹತ್ತದೇ ಇದ್ದ ಕಾಲದಲ್ಲಿ, ಹೊನ್ನಗೆರೆ ಅಂತ ಒಂದೂರಿತ್ತಂತೆ. ಊರಿಗೊಂದು ಕೆರೆ, ಕೆರೆಗೊಂದು ತೂಬು, ಆ ತೂಬು ತೆಗೆದು ಗದ್ದೆ ಗದ್ದೆಗೂ ನೀರು ಹಂಚೋಕೆ ಒಬ್ಬ ನೀರುಗಂಟಿ, ಮುದ್ದಯ್ಯ ಅಂತ. ಅವನಿಗೆ ಒಬ್ಬಳೇ ಮಗಳು, ಚೌಡಿ.

ನೀರು ಹಂಚೋದು ಹೆಂಗೆ ಗೊತ್ತಾ? ಒಂದು ತಾಮ್ರದ ಬಟ್ಟಲು, ಅದರ ತಳದಲ್ಲಿ ಸೂಜಿಮೊನೆಯಷ್ಟು ತೂತು. ಕೊಳಗದ ನೀರಲ್ಲಿ ತೇಲಿಬಿಟ್ರೆ ತೂತಿಂದ ನೀರು ಹತ್ತಿ ಹತ್ತಿ, ಸರಿಯಾಗಿ ಒಂದು ಗಳಿಗೆಗೆ ಬುಳುಕ್ ಅಂತ ಮುಳುಗ್ತಿತ್ತಂತೆ. ಒಬ್ಬರ ಗದ್ದೆಗೆ ನಾಲ್ಕು ಬಟ್ಟಲು ಹೊತ್ತು ನೀರು, ಇನ್ನೊಬ್ಬರ ಗದ್ದೆಗೆ ಆರು. ಎಲ್ಲರ ಸರದಿ ಮುಗಿದ ಮೇಲೆ ಸಂಜೆವರೆಗೂ ಹರಿದಿದ್ದು ಪಟೇಲರ ಗದ್ದೆಗೆ. ಬಟ್ಟಲು ಮುಳುಗಿದ ತಕ್ಷಣ ಮುಳುಗ್ತೂ ಅಂತ ಕೂಗೋದು ಚೌಡಿ ಕೆಲಸ. ಆ ಕೂಗು ಕೇಳಿ ಅಪ್ಪ ನೀರು ತಿರುವ್ತಿದ್ದನಂತೆ.

ಚೌಡಿಗೆ ಆರು ವರ್ಷ ಇದ್ದಾಗ ಒಂದಿನ ಚಿಟ್ಟೆ ಹಿಂದೆ ಓಡಿದ್ಲಂತೆ. ವಾಪಸ್ ಬಂದು ನೋಡ್ತಾಳೆ, ಬಟ್ಟಲು ತಳದಲ್ಲಿ ಕೂತಿದೆ! ಅತ್ತಿತ್ತ ನೋಡಿದ್ಲು, ಯಾರಿಲ್ಲ. ಮೆಲ್ಲಗೆ ಎತ್ತಿ, ನೀರು ಚೆಲ್ಲಿ, ಮತ್ತೆ ತೇಲಿಬಿಟ್ಟು ಏನೂ ಗೊತ್ತಿಲ್ಲದವಳ ಥರ ಕೂತ್ಲಂತೆ. ಆಮೇಲೆ ರಂಗಪ್ಪನ ಗದ್ದೆ ಬದು ಮೀರಿ ತುಂಬಿದ್ದು ನೋಡಿ ಅಪ್ಪನಿಗೆ ಗೊತ್ತಾಯ್ತು, ಹುಣಸೆ ಬರಲಲ್ಲಿ ಮೀನಖಂಡಕ್ಕೆ ಎರಡು ಬಿಟ್ಟ. ಅವತ್ತಿಂದ ಚೌಡಿ ಕಣ್ಣು ಮಿಟುಕಿಸ್ತಿರಲಿಲ್ಲವಂತೆ. ಆದ್ರೆ ಅಪ್ಪ ಏರಿ ಮೇಲೆ ಇದ್ರೆ ಮಾತ್ರ! ಅಪ್ಪ ಊಟಕ್ಕೆ ಹೋದ್ನೋ, ಇವಳು ಮತ್ತೆ ಚಿಟ್ಟೆ ಹಿಂದೆ. ನಗ್ತೀಯಾ? ಬೆಲ್ಲದ ಡಬ್ಬಿ ಹತ್ರ ನೀನೂ ಅಷ್ಟೇ, ನಂಗೆ ಗೊತ್ತಿಲ್ವಾ.

ಆಮೇಲೆ ಚೌಡಿಗೆ ಹತ್ತು ವರ್ಷ ಆಯ್ತು. ರಂಗಪ್ಪನಿಗೆ ಆ ಒಂದಿನದ ನೀರಿನ ರುಚಿ ಮರೆತಿರಲಿಲ್ಲ ನೋಡು, ಪಂಚೆ ತುದೀಲಿ ಹುರಿಗಡಲೆ ಕಟ್ಕೊಂಡು ಬಂದು, ನನ್ನವ್ವಾ, ನನ್ನ ಸರದೀಲಿ ಆ ತೂತಿಗೆ ಒಂಚೂರು ಮೇಣ ಮೆತ್ತು, ಬಟ್ಟಲು ನಿಧಾನಕ್ಕೆ ಮುಳುಗ್ಲಿ ಅಂದ್ನಂತೆ. ಚೌಡಿ ಎದ್ದು ನಿಂತು, ಮೋಸ ಮಾಡು ಅಂತಿದಾನೆ ನೋಡ್ರೋ ಅಂತ ಇಡೀ ಗದ್ದೆ ಬಯಲಿಗೆ ಕೇಳೋ ಹಂಗೆ ಕೂಗಿಬಿಟ್ಲು. ರಂಗಪ್ಪ ಹುರಿಗಡಲೆ ಚೆಲ್ಕೊಂಡು ಓಡಿದ. ಎಂಥ ನಿಯತ್ತಿನ ಹುಡುಗಿ, ಎಂಥ ನಿಯತ್ತಿನ ಹುಡುಗಿ ಅಂತ ಊರೆಲ್ಲಾ ಕೊಂಡಾಡ್ತಂತೆ. ಚೌಡಿಗೆ ಆ ಮಾತು ತಿಂದಷ್ಟೂ ಬೇಕು. ಅವತ್ತಿಂದ ಹುಣಸೆಹಣ್ಣು ಬೂದಿ ಹಾಕಿ ಬಟ್ಟಲು ಫಳಫಳ ಉಜ್ಜಿದ್ದೇ ಉಜ್ಜಿದ್ದು, ತೂತಲ್ಲಿ ಕಸ ನಿಲ್ಲಬಾರದು ಅಂತ ಗೋಣಿ ಹೊಲಿಯೋ ದಬ್ಬಳ ಆಡಿಸಿದ್ದೇ ಆಡಿಸಿದ್ದು. ಯಾರಾದ್ರೂ ನೋಡ್ತಿದ್ರೆ ಇನ್ನೂ ನಾಲ್ಕು ಸಲ ಜಾಸ್ತಿ.

ಹಿಂಗೆ ಐದು ವರ್ಷ ಕಳೀತು. ಚೌಡಿ ಲಂಗ ದಾವಣಿ ಉಡೋ ಹುಡುಗಿಯಾದ್ಲು. ಒಂದಿನ ಕೊನೇ ಗದ್ದೆ ಸಣ್ಣಮ್ಮ ಬಂದು, ಮುದ್ದಣ್ಣಾ, ಆರು ಬಟ್ಟಲಿಗೆ ಮೊದಲು ಪಾದ ಮುಳುಗೋ ನೀರು ನಿಲ್ತಿತ್ತು, ಈಗ ಮಣ್ಣು ನೆನೆಯಲ್ಲ, ಪೈರು ಕೆಂಪಾಗ್ತಿದೆ, ಈ ಸಲ ಮಕ್ಕಳಿಗೆ ಏನು ಹಾಕ್ಲಿ ಅಂದ್ಲಂತೆ. ಪಟೇಲರು, ನಿನ್ನ ಗದ್ದೇಲಿ ಏಡಿ ಬಿಲ ಇರ್ಬೇಕು ಹೋಗಮ್ಮಾ ಅಂದ್ರು. ಚೌಡಿಗೂ ಸಿಟ್ಟು ಬಂತು. ನಾನು ಸರಿಯಾಗೇ ಎಣಿಸಿದೀನಿ, ಸುಳ್ಳು ಹೇಳ್ಬೇಡ ಅಂದುಬಿಟ್ಲು. ಸಣ್ಣಮ್ಮ ಸೆರಗಲ್ಲಿ ಕಣ್ಣೊರೆಸ್ಕೊಂಡು ಹೋದ್ಲಂತೆ.

ಆದ್ರೂ ಸಣ್ಣಮ್ಮನ ಮಾತು ಚೌಡಿ ತಲೇಲಿ ಕೂತುಬಿಡ್ತು. ಬೆಳಿಗ್ಗೆ ಎದ್ದು ಬಟ್ಟಲು ಮಡಿಲಲ್ಲಿ ಇಟ್ಕೊಂಡು ಪಕ್ಕದ ಊರಿಗೆ ಹೋದ್ಲು. ಅಲ್ಲಿ ಅವಳ ಸೋದರಮಾವ ನೀರುಗಂಟಿ, ಅವನ ಬಟ್ಟಲೂ ಇದೂ ಒಂದೇ ದಿನ ಒಬ್ಬನೇ ಕಂಚುಗಾರ ಮಾಡಿದ್ದು. ಎರಡನ್ನೂ ಒಟ್ಟಿಗೆ ತೇಲಿಬಿಟ್ರಂತೆ. ಇವಳದು ಬುಳುಕ್ ಅಂತ ಮುಳುಗ್ತು. ಮಾವನದು ಇನ್ನೂ ಹಾಯಾಗಿ ತೇಲ್ತಾನೇ ಇದೆ! ಬಟ್ಟಲು ಬಿಸಿಲಿಗೆ ಹಿಡಿದು ನೋಡಿದ್ಲು, ತೂತಲ್ಲಿ ರಾಗಿ ಕಾಳು ಹೋಗ್ತಿತ್ತು. ದಬ್ಬಳ ಆಡಿಸಿ ಆಡಿಸಿ ತಾನೇ ಅಗಲ ಮಾಡಿದ್ಲು. ಬಟ್ಟಲು ಬೇಗ ಬೇಗ ಮುಳುಗಿ ಊರೋರ ನೀರೆಲ್ಲಾ ಪಟೇಲರ ಗದ್ದೆ ಸೇರಿತ್ತು. ಪಾಪ, ಹುಡುಗಿ ಬಟ್ಟಲು ಹಿಡ್ಕೊಂಡು ಅತ್ತುಬಿಟ್ಲಂತೆ.

ಮಾವ ಹೇಳಿದ, ಅಳಬೇಡ, ಕಂಚುಗಾರನ ಹತ್ರ ಗುಟ್ಟಾಗಿ ಬೆಸುಗೆ ಹಾಕಿಸಿದ್ರೆ ಆಯ್ತು, ಯಾರಿಗೂ ತಿಳಿಯಲ್ಲ. ಆಮೇಲೆ ಅಪ್ಪ ಹೇಳಿದ, ಮಗಳೇ, ಬಾಯಿ ಬಿಟ್ರೆ ನನ್ನ ನೀರುಗಂಟಿ ಕೋಲು ಕಿತ್ಕೋತಾರೆ, ಅಜ್ಜನ ಕಾಲದಿಂದ ಬಂದಿದ್ದು. ಆಮೇಲೆ ಪಟೇಲರಿಗೆ ಸುಳಿವು ಸಿಕ್ಕಿ ಅವರೂ ಕರೆಸಿ ಹೇಳಿದ್ರು, ಹೊಸ ಬಟ್ಟಲು ನಾನೇ ಮಾಡಿಸಿಕೊಡ್ತೀನಿ, ನಿಯತ್ತಿನ ಹುಡುಗಿ ಅನ್ನೋ ಹೆಸರು ಯಾಕೆ ಕೆಡಿಸ್ಕೋತೀಯಾ. ಮೂರು ಜನರದ್ದೂ ಸರಿ ಅನ್ನಿಸ್ತಿತ್ತು ಅವಳಿಗೆ. ಆದ್ರೆ ಸಣ್ಣಮ್ಮ ಸುಳ್ಳಿ ಅನ್ನಿಸ್ಕೊಂಡಳಲ್ಲ, ಅದಕ್ಕೆ ಯಾವ ಕಂಚುಗಾರ ಬೆಸುಗೆ ಹಾಕ್ತಾನೆ ಮಗಾ?

ಮಾರನೇ ದಿನ ಚೌಡಿ ಅರಳಿಕಟ್ಟೆಗೆ ಊರೋರನ್ನೆಲ್ಲಾ ಕರೆದು, ಮಾವನಿಂದ ಕೇಳಿ ತಂದ ಬಟ್ಟಲನ್ನೂ ತನ್ನದನ್ನೂ ಕೊಳಗದಲ್ಲಿ ತೇಲಿಬಿಟ್ಲಂತೆ. ಇವಳದು ಮುಳುಗ್ತು, ಇನ್ನೊಂದು ತೇಲ್ತಾ ಇತ್ತು, ಊರಿಗೂರೇ ನೋಡ್ತು. ತೂತು ಅಗಲ ಮಾಡಿದೋಳು ನಾನು, ನಮ್ಮಪ್ಪ ಅಲ್ಲ, ಸಣ್ಣಮ್ಮತ್ತೆ ಹೇಳಿದ್ದು ನಿಜ, ಸುಳ್ಳಿ ಅಂದಿದ್ದು ನನ್ನ ತಪ್ಪು ಅಂತ ಕಾಲಿಗೆ ಬಿದ್ಲಂತೆ.

ಪಟೇಲರಿಗೆ ರೇಗಿಹೋಯ್ತು. ಯಾರೂ ನೋಡಿರಲಿಲ್ಲ, ಯಾರೂ ಕೇಳಿರಲಿಲ್ಲ, ಮತ್ಯಾಕೆ ಹೇಳಿದೆ ಅಂದ್ರು.

ನಾನು ನೋಡಿದ್ನಲ್ಲ ಅಂದ್ಲಂತೆ ಚೌಡಿ.

ಹಿರಿಯರೆಲ್ಲಾ ಕೂತು, ಬಟ್ಟಲ ತೂತು ಸರಿ ಮಾಡಿಸೋದು, ಇನ್ನು ಐದು ವರ್ಷ ಸಂಜೆ ನೀರು ಕೊನೇ ಗದ್ದೆಗಳಿಗೆ ಅಂತ ತೀರ್ಮಾನ ಮಾಡಿದ್ರು. ಮುದ್ದಯ್ಯ ಕೋಲು ತಂದು ಕಟ್ಟೆ ಮೇಲೆ ಇಟ್ಟ. ಯಾರಿಗೆ ಕೊಡೋದು ಅಂತ ಗುಸುಗುಸು ಶುರುವಾಯ್ತು. ಆಗ ಸಣ್ಣಮ್ಮ ನಡ್ಕೊಂಡು ಬಂದು, ಆ ಕೋಲು ಎತ್ತಿ, ಚೌಡಿ ಕೈಗೇ ಕೊಟ್ಟುಬಿಟ್ಲಂತೆ! ತನ್ನ ತಪ್ಪು ತಾನೇ ಬಂದು ಹೇಳೋ ಹುಡುಗಿ ಬಟ್ಟಲ ಮುಂದೆ ಕೂತ್ರೆ ನಾನು ಬದು ಮೇಲೆ ಕಾವಲು ಕೂರೋದು ಬೇಡ, ಮನೇಲಿ ನೆಮ್ಮದಿಯಾಗಿ ಮಲಗ್ತೀನಿ ಅಂದ್ಲು. ಹೌದು ಹೌದು ಅಂತ ಊರೆಲ್ಲಾ ಕೂಗಿದ್ದಕ್ಕೆ ಕೆರೆ ಕೊಕ್ಕರೆಗಳೆಲ್ಲಾ ಎದ್ದು ಹಾರಿದ್ವಂತೆ. ಆ ಸೀಮೇಲೇ ಹೆಂಗಸು ನೀರುಗಂಟಿ ಆಗಿದ್ದು ಅದೇ ಮೊದಲು. ಆ ವರ್ಷ ಕೊನೇ ಗದ್ದೇಲಿ ಭತ್ತ ಎದೆಯೆತ್ತರ ಬೆಳೀತು, ಚೌಡಿ ಕೋಲು ಹಿಡಿದಷ್ಟು ಕಾಲವೂ ಊರೋರೆಲ್ಲಾ ಕಾವಲಿಲ್ಲದೆ ಕಣ್ತುಂಬ ನಿದ್ದೆ ಮಾಡಿದ್ರಂತೆ. ಕತೆ ಮುಗೀತು ಮಗಾ, ನೀನೂ ಮಲಗು.